ಮಠದ ಪೆಟ್ಟಿಗೆಗೆ ಹೊರಟ ಸೌಟು

ಕೆಲಸದಿಂದ ನಿವೃತ್ತನಾಗಿ ಇಂದಿಗೆ ಹನ್ನೊಂದು ದಿನ. ಈ ಹನ್ನೊಂದು ದಿನಗಳಲ್ಲಿ ನಾನು ಒಂದೇ ಕಡೆ ಅತಿ ಹೆಚ್ಚು ಹೊತ್ತು ಕೂತದ್ದೆಂದರೆ ಕ್ಷೌರದ ಕುರ್ಚಿಯಲ್ಲಿ. ಅಲ್ಲಿಯೂ ಕತ್ತಿನ ಸುತ್ತ ಬಟ್ಟೆ ಕಟ್ಟಿದ್ದರಿಂದ ಏಳಲಾಗಲಿಲ್ಲ, ಅಷ್ಟೆ.

ಕೊಲ್ಲಿ ನಾಡಿನ ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಆ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಸುತ್ತುವುದು. ಗಂಟೆಗೊಮ್ಮೆ ಪಂಪು, ಕಂಪ್ರೆಸರು, ಟ್ಯಾಂಕುಗಳ ನಡುವೆ ಒಂದು ರೌಂಡು ಹಾಕಿ, ಒತ್ತಡ ಎಷ್ಟು, ಬಿಸಿ ಎಷ್ಟು, ಎಣ್ಣೆ ಎಷ್ಟು ಎಂದು ಹಾಳೆಯಲ್ಲಿ ಬರೆದು ಸಹಿ ಹಾಕುವುದು. ಈಗ ಆ ಹಾಳೆ ಬೇರೆಯವರ ಕೈಗೆ ಹೋಗಿದೆ. ಆದರೆ ಕಾಲುಗಳಿಗೆ ಅದು ತಿಳಿಯಬೇಕಲ್ಲ. ಗಂಟೆಯಾಗುತ್ತಲೇ ಎದ್ದುಬಿಡುತ್ತವೆ. ಫ್ರಿಜ್ಜಿನ ಬಾಗಿಲು ತೆರೆದು ಕೈಯಿಟ್ಟು ನೋಡುತ್ತೇನೆ. ಎಸಿಯ ಅಂಕಿ ಓದುತ್ತೇನೆ. ಗ್ಯಾಸ್ ಸಿಲಿಂಡರಿನ ತಲೆಯನ್ನು ಮೂಸುತ್ತೇನೆ. ಬಚ್ಚಲಿನ ನಲ್ಲಿಯ ಕೆಳಗೆ ಬೆರಳಿಟ್ಟು, ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದು ಕೂರುತ್ತೇನೆ. ಕೂತ ಮೇಲೆ ಎಸಿಯ ಅಂಕಿ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಎಂದು ಸಂಶಯ ಬಂದು ಮತ್ತೆ ಏಳುತ್ತೇನೆ.

“ಗ್ಯಾಸ್ ಈಗ ಅರ್ಧಾ ತಾಸಿನ ಹಿಂದ ಮೂಸಿ ಹೋಗೀರಿ,” ಎನ್ನುತ್ತಾಳೆ ನನ್ನ ಹೆಂಡತಿ ಶಾರದಾ. “ಅದು ಎಲ್ಲೂ ಓಡಿ ಹೋಗಾಂಗಿಲ್ಲ. ಸುಮ್ನ ಕುಂದರ್ರಿ.”

“ಕುಂತ್ರ ನನ್ನ ಮೊಣಕಾಲು ಹಿಡೀತಾವ.”

“ನೀವು ಎದ್ದು ತಿರಗ್ಯಾಡಿದ್ರ ನನ್ನ ತಲಿ ಹಿಡೀತೈತಿ.”

ಮುಂದಿನ ವಾರ ನಾವಿಬ್ಬರೂ ಮುಧೋಳದ ಕಡೆಯ ನಮ್ಮ ಊರಿಗೆ ಹೊರಟಿದ್ದೇವೆ, ಇನ್ನು ಇತ್ತ ಬಾರದ ಹಾಗೆ. ನಿನ್ನೆ ಸಂಜೆ ಸಾಮಾನನ್ನು ಹಡಗಿಗೆ ಹಾಕಲು ಕಾರ್ಗೋದವರು ಬರುವುದಿತ್ತು. ಹದಿನಾಲ್ಕು ರಟ್ಟಿನ ಪೆಟ್ಟಿಗೆ. ಪ್ರತಿ ಪೆಟ್ಟಿಗೆಗೂ ನಂಬರು, ಪ್ರತಿ ನಂಬರಿಗೂ ಪಟ್ಟಿ, ಪ್ರತಿ ಪಟ್ಟಿಗೂ ಎರಡು ನಕಲು. ಹದಿಮೂರಕ್ಕೆ ಟೇಪು ಬಿದ್ದಿತ್ತು. ಹದಿನಾಲ್ಕನೆಯದು ಮಾತ್ರ ಇನ್ನೂ ಬಾಯಿ ತೆರೆದುಕೊಂಡಿತ್ತು. ಅದು ಮಠದ ಪೆಟ್ಟಿಗೆ. ನಮ್ಮೂರ ಮಠದ ದಾಸೋಹದ ಅಡಿಗೆಮನೆಗೆಂದು ಶಾರದಾ ವರ್ಷಗಟ್ಟಲೆ ಕೂಡಿಸಿದ ದೊಡ್ಡ ದೊಡ್ಡ ಪಾತ್ರೆಗಳು ಅದರಲ್ಲಿದ್ದವು.

ಆ ಮಠಕ್ಕೂ ನನಗೂ ಇರುವ ನಂಟನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಐದನೆಯ ಇಯತ್ತೆಯಿಂದ ಮೆಟ್ರಿಕ್‌ವರೆಗೆ ನಾನು ಉಂಡದ್ದು, ಮಲಗಿದ್ದು ಅದರ ಉಚಿತ ಪ್ರಸಾದ ನಿಲಯದಲ್ಲಿ. ನಾಲ್ಕೂವರೆಗೆ ಗಂಟೆ. ಐದಕ್ಕೆ ಕಸ ಗುಡಿಸುವುದು. ಐದೂವರೆಗೆ ತಣ್ಣೀರು. ಹಾಸಿಗೆಯ ಸುರುಳಿಗಳೆಲ್ಲ ಒಂದೇ ದಿಕ್ಕಿಗೆ ಬಾಯಿ ಮಾಡಿರಬೇಕು. ಪಂಕ್ತಿಯಲ್ಲಿ ಕೊನೆಯವನಿಗೆ ಬಡಿಸುವ ತನಕ ಮೊದಲನೆಯವನು ರೊಟ್ಟಿ ಮುರಿಯಬಾರದು. ಹಿತ್ತಲಲ್ಲಿ ಒಂದು ಬಾವಿ, ಅದಕ್ಕೊಂದು ಹಲಗೆಯ ಮುಚ್ಚಳ. ನೀರು ಸೇದಿದವನು ಮುಚ್ಚಿಯೇ ಬರಬೇಕು. ಒಂದು ದಿನ ನಾನು ಮರೆತೆ. ಮಧ್ಯಾಹ್ನ ಮಠದ ಆಡಿನ ಮರಿಯೊಂದು ಒಳಗೆ ಬಿತ್ತು. ಮರಿಯನ್ನು ಬುಟ್ಟಿ ಇಳಿಸಿ ಮೇಲೆತ್ತಿದರು, ಬದುಕಿತು. ನಾನು ಮೂರು ದಿನ ಬಾವಿಯ ಪಕ್ಕದಲ್ಲಿ ನಿಂತು ಊಟ ಮಾಡಿದೆ. ಆ ಮರಿ ಮೂರೂ ದಿನ ಎದುರಿಗೆ ಬಂದು ನಿಂತು ನನ್ನನ್ನೇ ನೋಡಿತು.

ಅಂದಿನಿಂದ ತೆರೆದ ಬಾಯಿ ಕಂಡರೆ ಮುಚ್ಚದೆ ಮುಂದೆ ಹೋಗಲಾರೆ. ಉಪ್ಪಿನಕಾಯಿ ಭರಣಿ, ಪೆನ್ನಿನ ಟೊಪ್ಪಿಗೆ, ಟೂತ್‌ಪೇಸ್ಟು, ಬೇರೆಯವರ ಮನೆಯ ಸಕ್ಕರೆ ಡಬ್ಬಿ, ಯಾವುದಾದರೂ ಸರಿ. ಕಾರ್ಖಾನೆಯಲ್ಲಿ ಇದೇ ಗುಣಕ್ಕೆ ನನಗೆ ಎರಡು ಸಲ ಸುರಕ್ಷತೆಯ ಬಹುಮಾನ ಬಂತು. ಅಲ್ಲಿಯೂ ಅದೇ ನಿಯಮ. ಕೆಲಸ ನಿಲ್ಲಿಸಿ ಹೋಗುವಾಗ ನೆಲದಲ್ಲಿ ಒಂದು ತೂತನ್ನೂ ತೆರೆದಿಟ್ಟು ಹೋಗಬಾರದು.

ನಿನ್ನೆ ಮಧ್ಯಾಹ್ನ ನಾಲ್ಕಕ್ಕೆ ಶಾರದಾ ಪೂರಿ ಕರಿಯಲು ನಿಂತಳು. ಸಾಮಾನು ಎತ್ತಲು ಬರುವವರಿಗೂ ಕೆಳಗಿನ ಮನೆಯವರಿಗೂ ಕೊಡಬೇಕೆಂದು. ಅಡಿಗೆಮನೆಯಲ್ಲಿ ಉಳಿದದ್ದು ಒಂದು ಒಲೆ, ಒಂದು ಬಾಣಲೆ, ಲಟ್ಟಣಿಗೆ, ಮತ್ತು ಆ ಸೌಟು. ಮೊಳಕೈಯಷ್ಟು ಉದ್ದದ ಹಿಡಿಕೆ, ತುದಿಯಲ್ಲಿ ಬಟ್ಟಲಿನಂಥ ಆಳ, ತಳದ ತುಂಬ ತೂತುಗಳು. ಹತ್ತೊಂಬತ್ತು ವರ್ಷದಿಂದ ನಮ್ಮ ಮನೆಯ ಪೂರಿ, ಕರಚಿಕಾಯಿ, ಶೇವು ಎಲ್ಲವೂ ಎಣ್ಣೆಯಿಂದ ಮೇಲೆ ಬಂದದ್ದು ಅದರ ಮೇಲೆಯೇ.

“ಪೂರಿ ಮುಗದ ಮ್ಯಾಲ ಈ ಸೌಟ ತೊಳ್ದು ಮಠದ ಪೆಟಿಗಿಯೊಳಗ ಹಾಕಿಬಿಡ್ರಿ,” ಎಂದಳು. “ಇಂಥಾ ಉದ್ದ ಹಿಡಿಕಿದು ಊರಾಗ ಸಿಗಾಂಗಿಲ್ಲ. ಪಾಪ, ಅಡಗಿ ಮಾಡಾವರ ಕೈ ಸುಡೂದರ ತಪ್ಪತೈತಿ.”

ಅಭ್ಯಾಸಬಲದಿಂದ ಹದಿನಾಲ್ಕನೆಯ ಪಟ್ಟಿಯ ಕೊನೆಗೆ ‘ಸೌಟು, ಒಂದು’ ಎಂದು ಬರೆದೆ. ಬರೆದ ಮೇಲೆ ಪೆನ್ನಿಗೆ ಟೊಪ್ಪಿಗೆ ಹಾಕಲು ಕೈ ಬರಲಿಲ್ಲ.

ಯಾಕೆಂದರೆ ಅದು ಅಡಿಗೆಯ ಸೌಟೇ ಅಲ್ಲ. ಕೆನಡಾದ ಉತ್ತರದ ಒಂದು ಸರೋವರದಲ್ಲಿ, ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು ಮೀನು ಹಿಡಿಯುವವರು, ಆ ತೂತಿನಲ್ಲಿ ತೇಲುವ ಮಂಜಿನ ಚೂರುಗಳನ್ನು ತೆಗೆಯುವ ಸಾಧನ. ತಲೆತಲಾಂತರದಿಂದ ಮೊಟ್ಟೆ ಒಡೆಯದ ಮನೆತನ ನಮ್ಮದು. ಅಂಥ ಮನೆಯ ಒಲೆಯ ಮೇಲೆ ಹತ್ತೊಂಬತ್ತು ವರ್ಷ ಅದು ಆಳಿತು. ನಾನು ಬಾಯಿ ಬಿಟ್ಟಿರಲಿಲ್ಲ. ಮನೆಯ ಮಟ್ಟಿಗೆ ಹೇಗೋ ನಡೆದಿತ್ತು. ಆದರೆ ಮಠದ ದಾಸೋಹಕ್ಕೆ, ನಾನು ಆರು ವರ್ಷ ಅನ್ನ ಉಂಡ ಅಡಿಗೆಮನೆಗೆ, ಅದನ್ನು ಸುಮ್ಮನೆ ಕಳಿಸುವುದು ಹೇಗೆ?

ಒಂದು ರೌಂಡು ಹಾಕಿ ಬಂದೆ. ಫ್ರಿಜ್ಜು ಸರಿಯಿತ್ತು. ಇನ್ನೊಂದು ರೌಂಡು ಹಾಕಿದೆ. ಅಷ್ಟರಲ್ಲಿ ಫೋನು ಬಂತು. ಕಾರ್ಗೋದ ಅಶ್ರಫ್, ಉಳ್ಳಾಲದ ಕಡೆಯವನು.

“ಸರ್, ಅಲ್ ವುಕೈರಲ್ಲಿ ಒಂದು ಮನೆ ಉಂಟು. ಅದು ಮುಗಿಸಿ ಐದಕ್ಕೆ ಬರ್ತೇನೆ, ಆಯ್ತಾ? ನಿಮ್ಮ ಬಾಕ್ಸ್ ಎಲ್ಲ ಖಲಾಸ್ ಅಲ್ವಾ?”

“ಒಂದು ಉಳಿದದ.”

“ಏನು ಸರ್ ನೀವು. ನಿಮ್ಮದು ಮೊನ್ನೆಯೇ ರೆಡಿ ಇರ್ತದೆ ಅಂತ ನಾನು ಎಲ್ಲರಿಗೆ ಹೇಳ್ತಾ ಇದ್ದೆ. ಯಲ್ಲಾ, ಪ್ಯಾಕ್ ಮಾಡಿ.”

ಫೋನಿಟ್ಟು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. “ಶಾರದಾ, ಆ ಸೌಟ ಮಠಕ್ಕ ಹೋಗೂದು ಬ್ಯಾಡ.”

“ಯಾಕ?”

ಹೇಳತೊಡಗಿದೆ.

ಕಾರ್ಖಾನೆಗೆ ಹೊಸ ಕಂಪ್ರೆಸರುಗಳು ಬಂದ ವರ್ಷ, ಅವನ್ನು ನಡೆಸುವುದನ್ನು ಕಲಿಯಲು ನನ್ನನ್ನು ಆರು ವಾರ ಕೆನಡಾಕ್ಕೆ ಕಳಿಸಿದ್ದರು. ಜನವರಿ ತಿಂಗಳು. ಮೂಗಿನೊಳಗಿನ ಕೂದಲು ಕೂಡ ಮುರಿಯುವಷ್ಟು ಚಳಿ. ಪಾಠ ಹೇಳುತ್ತಿದ್ದವನು ಡೇವ್ ಎಂಬ ದೊಡ್ಡ ಆಳು. ಒಂದು ಶನಿವಾರ ಅವನು ನನ್ನನ್ನೂ ತನ್ನ ಅಪ್ಪನನ್ನೂ ಸರೋವರಕ್ಕೆ ಕರೆದುಕೊಂಡು ಹೋದ. ಅಪ್ಪನಿಗೆ ಎಂಬತ್ತಮೂರು. ಕಣ್ಣಿಗೆ ಪೊರೆ, ಮೊಣಕಾಲು ಸೋತಿದ್ದವು. ಇದೇ ಕೊನೆಯ ಸಲ, ಇನ್ನು ಮಂಜಿನ ಮೇಲೆ ಕಾಲಿಡುವುದಿಲ್ಲವೆಂದು ಮನೆಯವರೆಲ್ಲ ಸೇರಿ ಅವರಿಂದ ಮಾತು ತೆಗೆದುಕೊಂಡಿದ್ದರು. ಮುದುಕರಿಗೆ ಬೇಕಾಗಿದ್ದದ್ದು ಒಂದೇ. ತನ್ನ ಹಳೆಯ ಜಾಗದಲ್ಲಿ ಒಂದು ವಾಲ್‌ಐ ಮೀನು ಹಿಡಿದು, ಅದನ್ನು ಅಂದಿನ ರಾತ್ರಿಯ ಊಟಕ್ಕೆ ತಿನ್ನುವುದು.

“ಅಂದ್ರ ಮೀನ ಹಿಡ್ಯಾಕ ಹೋಗಿದ್ರಿ,” ಎಂದಳು ಶಾರದಾ. ಪೂರಿಯನ್ನು ಎಣ್ಣೆಗೆ ಬಿಡುವ ಕೈ ತಡೆದಿತ್ತು.

“ನೋಡಾಕ ಹೋಗಿದ್ದೆ.”

“ಹೂಂ. ಮುಂದ.”

ಆ ಸರೋವರವನ್ನು ಹೇಗೆ ಹೇಳಲಿ? ಇಲ್ಲಿಂದ ದಕ್ಷಿಣಕ್ಕೆ ಹೋದರೆ ಸಿಗುವ ಮರಳಿನ ಬಯಲಿಗೆ ಸುಣ್ಣ ಬಳಿದರೆ ಹಾಗೆಯೇ ಕಾಣುತ್ತದೆ. ಡೇವ್ ಮಂಜಿನ ಮೇಲೆ ಒಂದು ಗುಡಾರ ಹಾಕಿ, ಪೆಟ್ರೋಲಿನ ಯಂತ್ರದಿಂದ ಏಳು ತೂತು ಕೊರೆದ. ಏಳನೆಯದನ್ನು ಎಲ್ಲಿ ಕೊರೆಯಬೇಕೆಂದು ಮುದುಕರೇ ತೋರಿಸಿದರು. ದಂಡೆಯ ಸೀಳಿದ ಮರವೊಂದನ್ನೂ, ಆಚೆ ದಡದ ಇಗರ್ಜಿಯ ಗೋಪುರವನ್ನೂ ಮಗನಿಂದ ಕೇಳಿ ಕೇಳಿ ಗುರುತು ಹಿಡಿದು, ಕೋಲು ಊರಿ, “ಇಲ್ಲಿ” ಎಂದರು. ನೀರಿನಡಿಯ ಬಂಡೆಯ ಅಂಚು ಅಲ್ಲಿಯೇ ಹಾದು ಹೋಗುತ್ತದಂತೆ. ಹೊತ್ತು ಇಳಿಯುವಾಗ ಮೀನು ಆ ಅಂಚಿಗುಂಟ ಬರುತ್ತದಂತೆ.

ಆಮೇಲಿನ ಕೆಲಸ ಒಂದೇ, ಕೂರುವುದು. ಬಕೆಟ್ಟನ್ನು ಬೋರಲು ಹಾಕಿ, ಮೊಳದುದ್ದದ ಗಾಳದ ಕೋಲನ್ನು ಹಿಡಿದು, ಒಂದು ತೂತನ್ನು ನೋಡುತ್ತ ಕೂರುವುದು. ನಾನು ಹತ್ತು ನಿಮಿಷ ಕೂತೆ. ಹನ್ನೊಂದನೆಯ ನಿಮಿಷಕ್ಕೆ ಎದ್ದು, ಜೇಬಿನ ನೋಟುಬುಕ್ಕು ತೆಗೆದು ರೌಂಡು ಶುರು ಮಾಡಿದೆ. ಒಂದನೆಯ ತೂತು, ಗುಡಾರದಿಂದ ಹದಿನೆಂಟು ಹೆಜ್ಜೆ, ಮೀನಿಲ್ಲ. ಎರಡನೆಯದು, ಇಪ್ಪತ್ತಮೂರು ಹೆಜ್ಜೆ, ಮೀನಿಲ್ಲ. ಏಳನೆಯದು, ಗೋಪುರದ ದಿಕ್ಕಿಗೆ ನಲವತ್ತೆರಡು ಹೆಜ್ಜೆ, ಮೀನಿಲ್ಲ. ಕಾಲು ಗಂಟೆಗೊಮ್ಮೆ ಹೀಗೆ.

ಮುದುಕರು ತಲೆಯೆತ್ತದೆ ಕೇಳಿದರು. “ಡೇವ್, ನಿನ್ನ ಸ್ನೇಹಿತ ಮೀನುಗಳ ಹಾಜರಿ ತೆಗೆದುಕೊಳ್ಳುತ್ತಿದ್ದಾನೆಯೆ?”

“ಅಭ್ಯಾಸ, ಅಪ್ಪ.”

“ಸುಮ್ಮನಿರಲು ಹೇಳು. ಅದು ಬರುವುದು ಅದಕ್ಕೆ ಬೇಕಾದಾಗ.”

ಎರಡೂವರೆಗೆ ಮುದುಕರ ಕಾಲು ಮರಗಟ್ಟಿತು. ಗಾಳಗಳನ್ನೆಲ್ಲ ಮೇಲೆಳೆದಿಟ್ಟು, ಡೇವ್ ಅವರನ್ನು ದಂಡೆಯಲ್ಲಿದ್ದ ಗಾಡಿಗೆ ಕರೆದುಕೊಂಡು ಹೋಗಿ ಬೆಚ್ಚಗೆ ಕೂರಿಸಿದ. ಮಂಜಿನ ಮೇಲೆ ಉಳಿದವನು ನಾನೊಬ್ಬ. ನೀವೇ ಯೋಚಿಸಿ. ಕೆಲಸ ನಿಂತಿದೆ. ಜನ ಹೋಗಿದ್ದಾರೆ. ನೆಲದಲ್ಲಿ ಏಳು ತೂತು ಬಾಯಿ ತೆರೆದುಕೊಂಡಿವೆ. ಒಬ್ಬರ ಕಾಲು ಸಲೀಸಾಗಿ ಹೋಗುವಷ್ಟು ಅಗಲ. ಕಣ್ಣು ಮಂಜಾದ ಮುದುಕರೊಬ್ಬರು ಇನ್ನು ಅರ್ಧ ಗಂಟೆಯಲ್ಲಿ ಇದೇ ದಾರಿಯಾಗಿ ತಿರುಗಿ ಬರುವವರಿದ್ದಾರೆ.

ಏಳನ್ನೂ ಮುಚ್ಚಿದೆ. ಕೊರೆದು ಹೊರಗೆ ಬಿದ್ದಿದ್ದ ಮಂಜನ್ನೆಲ್ಲ ಬೂಟಿನಿಂದ ಒಳಗೆ ತಳ್ಳಿ, ತುಳಿದು, ಮೇಲೆ ಹಿಮ ಹರಡಿ ಸಮ ಮಾಡಿದೆ. ಎಷ್ಟು ಸಮ ಮಾಡಿದೆನೆಂದರೆ, ಪ್ರಸಾದ ನಿಲಯದ ಮೇಲ್ವಿಚಾರಕರು ಬಂದಿದ್ದರೂ ಬೆನ್ನು ತಟ್ಟುತ್ತಿದ್ದರು. ಆ ಚಳಿಯಲ್ಲಿ ಅದು ಕಲ್ಲಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಶಾರದಾ ಲಟ್ಟಣಿಗೆಯನ್ನು ಕೆಳಗಿಟ್ಟಳು. “ಮುದುಕನ ತೂತೂ ಮುಚ್ಚಿಬಿಟ್ರಿ?”

“ಅದನ್ನ ಎಲ್ಲಾಕ್ಕಿಂತ ಚಲೋ ಮುಚ್ಚಿದ್ದೆ.”

“ದೇವರ.”

ಮುದುಕರು ಬಂದು ಕೋಲಿನಿಂದ ನೆಲ ಬಡಿಯುತ್ತ ಹುಡುಕಿದರು. ಎಲ್ಲಿ ಬಡಿದರೂ ಗಟ್ಟಿ. “ನನ್ನ ತೂತೆಲ್ಲಿ?” ಎಂದರು. ನಾನು ಹೆಮ್ಮೆಯಿಂದ ಎಲ್ಲವನ್ನೂ ಸುರಕ್ಷಿತ ಮಾಡಿದ್ದೇನೆಂದು ವರದಿ ಒಪ್ಪಿಸಿದೆ. ಡೇವ್‌ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅದನ್ನು ಮುಚ್ಚುವ ವಿದ್ಯೆ ನನಗೆ ತಿಳಿದಿರಲಿಲ್ಲ. ಓಡಿಹೋಗಿ ಯಂತ್ರದ ಹಗ್ಗ ಎಳೆದ. ಏಳನೆಯ ತೂತಿಗೇ ಪೆಟ್ರೋಲು ಮುಗಿದಿತ್ತು. ಕೆಲಸ ಶುರು ಮಾಡುವ ಮೊದಲು ಎಣ್ಣೆ ನೋಡಿಕೊಳ್ಳದ ಜನ! ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ.

ಆಗ ಡೇವ್‌ಗೆ ಏನೋ ಹೊಳೆದಂತಾಯಿತು. ಅಪ್ಪನ ಕಿವಿಗೆ ಬಾಗಿ ಹೇಳಿದ. “ಇವರ ಮನೆತನದಲ್ಲಿ ಮಾಂಸ ಮುಟ್ಟುವುದಿಲ್ಲ, ಅಪ್ಪ. ಮೀನಿನ ಮೇಲೆ ಕರುಣೆ ಬಂದಿರಬೇಕು.”

ಮುದುಕರು ಕೋಲು ಬಡಿಯುವುದನ್ನು ನಿಲ್ಲಿಸಿದರು. ನಂತರ ಚರ್ಮದ ಟೊಪ್ಪಿಗೆಯನ್ನು ತುಸು ಎತ್ತಿ ನನ್ನ ಕಡೆ ತಲೆಬಾಗಿಸಿದರು. “ನನ್ನ ಹೆಂಡತಿಯೂ ಇಂಥವಳೇ. ಇಲಿಯನ್ನೂ ಸಾಯಲು ಬಿಡುತ್ತಿರಲಿಲ್ಲ,” ಎಂದರು. ಬಕೆಟ್ಟಿನ ಮೇಲೆ ಕೂತು ಗೋಪುರದ ಕಡೆ ಮುಖ ಮಾಡಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

“ಕರುಣಾ ಅಲ್ಲ, ಚಟಾ ಅಂತ ಹೇಳಲಿಲ್ಲೇನು ನೀವು?” ಎಂದಳು ಶಾರದಾ.

“ಆಗ ಹೇಳಲಿಲ್ಲ.”

ಡೇವ್ ಪೆಟ್ರೋಲು ಕೇಳಿ ತರಲು ದೂರದ ಇನ್ನೊಂದು ಗುಡಾರದ ಕಡೆ ನಡೆದ. ಸೂರ್ಯ ಮರಗಳ ಮೇಲೆ ಒಂದು ಮಾರು ಉಳಿದಿದ್ದ. ನಾನು ನೋಟುಬುಕ್ಕು ತೆಗೆದೆ. ಗುಡಾರಕ್ಕೆ ಬೆನ್ನು ಕೊಟ್ಟು, ಗೋಪುರದ ದಿಕ್ಕಿಗೆ ನಲವತ್ತೆರಡು ಹೆಜ್ಜೆ ಎಣಿಸಿದೆ. ಸಾಮಾನಿನ ಜೊತೆ ಒಂದು ಕಬ್ಬಿಣದ ಹಾರೆ ಇತ್ತು. ಕುಟ್ಟತೊಡಗಿದೆ. ಒಂದಿಷ್ಟು ಕುಟ್ಟುವುದು, ಈ ಸೌಟಿನಿಂದ ಚೂರು ತೆಗೆಯುವುದು, ಮತ್ತೆ ಕುಟ್ಟುವುದು. ಆ ಚಳಿಯಲ್ಲಿ ನನ್ನ ಬೆನ್ನು ಬೆವರಿತು. ಮುಕ್ಕಾಲು ಗಂಟೆಯಾದ ಮೇಲೆ ಹಾರೆ ಸರ್ರನೆ ಒಳಗೆ ಹೋಯಿತು, ಕಪ್ಪು ನೀರು ಮೇಲೆ ಬಂತು.

“ನೋಡು ಮತ್ತ,” ಎಂದೆ ಶಾರದಾಗೆ. “ಈ ಸೌಟ ಎತ್ತಿದ್ದು ಬರೇ ಮಂಜು. ನೀರಿನ ಮಂಜು. ಹಂಗ ನೋಡಿದ್ರ ಇದರಾಗ ದೋಷ ಇಲ್ಲ. ಆದ್ರೂ ಮಠಕ್ಕಂದ್ರ...”

ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ನನ್ನ ಲೆಕ್ಕವಾಗಿತ್ತು. ಗಡಿಯಾರ ನೋಡಿದೆ. ನಾಲ್ಕು ಮುಕ್ಕಾಲು. ಎಸಿ ನೋಡಿ ಬರುವ ಹೊತ್ತಾಗಿತ್ತು. ಎರಡು ಹೆಜ್ಜೆ ಹಿಂದೆ ಸರಿದೆ.

“ಎಲ್ಲಿ ಹೊಂಟ್ರಿ?” ಎಂದಳು ಅವಳು. “ಆ ಮುದುಕಗ ಮೀನ ಸಿಕ್ತೋ ಇಲ್ಲೋ?”

ಈ ಒಂದು ಪ್ರಶ್ನೆಗೆ ಹೆದರಿಯೇ ನಾನು ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದು.

ಮುದುಕರು ತೂತಿನ ಮುಂದೆ ಕೂತು ಗಾಳ ಬಿಟ್ಟರು. ಆದರೆ ಬೆರಳುಗಳು ಸೆಟೆದು ಕೋಲು ಜಾರುತ್ತಿತ್ತು. “ನೀನು ಹಿಡಿ,” ಎಂದು ನನ್ನ ಕೈಗೆ ಕೊಟ್ಟರು. ಹಿಡಿದೆ. ನನ್ನ ಜೀವನದಲ್ಲಿ ಅಷ್ಟು ಅಲ್ಲಾಡದೆ ನಾನೆಂದೂ ಕೂತಿರಲಿಲ್ಲ. ಸೂರ್ಯ ಮರಗಳ ಹಿಂದೆ ಇಳಿದ. ಹಿಮ ನೀಲಿಯಾಯಿತು. ಆಗ ದಾರದ ಆ ತುದಿಯಲ್ಲಿ, ಯಾರೋ ಬಾಗಿಲ ಚಿಲಕವನ್ನು ಮೆಲ್ಲಗೆ ಮುಟ್ಟಿ ನೋಡಿದ ಹಾಗೆ, ಒಂದು ಸಣ್ಣ ಅಲುಗಾಟ. ಮುದುಕರ ಕಣ್ಣಿಗೆ ಅದು ಕಾಣಲಿಲ್ಲ. ಡೇವ್ ದೂರದಲ್ಲಿದ್ದ. ತಿಳಿದದ್ದು ನನ್ನ ಎರಡು ಬೆರಳುಗಳಿಗೆ ಮಾತ್ರ. ನಾನು ಸುಮ್ಮನಿದ್ದಿದ್ದರೆ ಅದು ಬಿಟ್ಟು ಹೋಗುತ್ತಿತ್ತು. ಕರುಣೆಯ ಹೆಸರು ಹೇಗೂ ನನಗೆ ಬಂದಿತ್ತು. ಅದನ್ನು ನಿಜ ಮಾಡಿಕೊಳ್ಳುವ ಅವಕಾಶ ಅಷ್ಟು ಸುಲಭವಾಗಿ ಮತ್ತೆ ಸಿಗುವಂಥದಲ್ಲ.

“ಬಂತು,” ಎಂದೆ.

“ಎಳೆ. ನನ್ನ ಕೈಲಿ ಆಗದು. ನಿಧಾನವಾಗಿ ಎಳೆ.”

ಎಳೆದೆ. ದಾರ ಕೈಯನ್ನು ಕೊಯ್ಯಿತು. ಮೀನಿನ ತಲೆ ತೂತಿನ ಬಾಯಿಗೆ ಬಂದು ಸಿಕ್ಕಿಕೊಂಡಿತು. ಜಾರಿ ಹೋಗುವುದರಲ್ಲಿತ್ತು. ಪಕ್ಕದಲ್ಲಿದ್ದದ್ದು ಈ ಸೌಟು. ಅದನ್ನು ಮೀನಿನ ಹೊಟ್ಟೆಯ ಕೆಳಗೆ ಕೊಟ್ಟು ಮೇಲೆತ್ತಿದೆ. ಹಸಿರುಬಂಗಾರದ ಮೈ. ಕಣ್ಣುಗಳು ಬೆಳ್ಳಗೆ ಗೋಲಿಯ ಹಾಗೆ ಹೊಳೆಯುತ್ತಿದ್ದವು. ಮುದುಕರು ಕೈಗವಸು ಕಳಚಿ ಅದರ ಬೆನ್ನ ಮೇಲೆ ಬೆರಳಾಡಿಸಿ, ತಲೆಯಿಂದ ಬಾಲದವರೆಗೆ ಒಂದು ಸಲ ಸವರಿದರು.

ಒಲೆಯ ಮೇಲೆ ಒಂದು ಪೂರಿ ಕಪ್ಪಾಗುತ್ತಿತ್ತು. ಶಾರದಾ ಅದನ್ನು ತೆಗೆದು ಬದಿಗಿಟ್ಟಳು.

“ನೀವ ಜಗ್ಗಿದ್ರಿ.”

“ನಾನ ಜಗ್ಗಿದೆ.”

“ಇದರ ಮ್ಯಾಲ ಎತ್ತಿದ್ರಿ.”

“ಹೌದು. ಆಮ್ಯಾಲ ಹೊಟೆಲಿನ್ಯಾಗ ಮೂರು ಸಲ ಕುದಿನೀರಿಲೆ ತೊಳ್ದೇನಿ.”

“ಮುದುಕ ಉಂಡನೇನು?”

“ಉಂಡ್ರು. ಎರಡು ಸಲ ಹಾಕಿಸ್ಕೊಂಡ್ರು. ನಾ ಬಟಾಟಿ ಉಂಡೆ.”

“ಸೌಟ ನಿಮಗ ಹೆಂಗ ಬಂತು?”

“ಉಣ್ಣೂ ಮುಂದ ಖರೆ ಹೇಳಿಬಿಟ್ಟೆ. ಕರುಣಾ ಇಲ್ಲ ಏನಿಲ್ಲ, ಬಾವಿ ಮುಚ್ಚೂ ಚಟಾ ಅಂತ, ಆಡಿನ ಮರಿ ಕತಿ ಸೈತ ಹೇಳಿದೆ. ಅವರು ಕಣ್ಣಾಗ ನೀರು ಬರೂ ಹಂಗ ನಕ್ರು. ಎದ್ದು ಹೋಗಿ ಇದನ್ನ ತಂದು ಕೈಯಾಗ ಕೊಟ್ರು. ‘ನಾ ಇನ್ನ ಮಂಜಿನ ಮ್ಯಾಲ ಹೋಗಾಂಗಿಲ್ಲ. ಮುಚ್ಚಾವ ನೀನು, ತಗ್ಯೂ ಸಾಮಾನ ನಿನ್ನ ಹತ್ರ ಇರ್ಲಿ’ ಅಂದ್ರು.”

ಕೆನಡಾದಿಂದ ಇಲ್ಲಿಗೆ ತಿರುಗಿ ಬಂದ ದಿನ ಪೆಟ್ಟಿಗೆ ಬಿಚ್ಚಿದವಳು ಅವಳೇ. ಸೌಟನ್ನು ಕೈಗೆತ್ತಿಕೊಂಡು, ಎಂದೂ ಏನೂ ತರದ ಗಂಡ ತನಗಾಗಿ ಏನೋ ತಂದನೆಂದು ಹಿಗ್ಗಿಹೋದಳು. ಅಂದೇ ಪೂರಿ ಮಾಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಯಿಗೆ ಪೂರಿ ಬಂದಿತ್ತು.

ಈಗ ಅವಳು ಸೌಟನ್ನು ತಿರುಗಿಸಿ ನೋಡಿದಳು. ಎಸೆಯುತ್ತಾಳೆಂದುಕೊಂಡೆ. ಅದಕ್ಕೆ ತಯಾರಾಗಿಯೇ ಇದ್ದೆ.

“ಮಠಕ್ಕ ಬ್ಯಾಡ. ಪಟ್ಟಿಯೊಳಗ ಹೊಡದು ಹಾಕ್ರಿ,” ಎಂದಳು. “ಮನ್ಯಾಗ ಇರ್ಲಿ. ಹತ್ತೊಂಬತ್ತ ವರ್ಷ ಉಂಡದ್ದನ್ನ ಈಗ ಹೊಟ್ಟಿಯೊಳಗಿಂದ ತಗ್ಯಾಕ ಬರಾಂಗಿಲ್ಲ. ಮುದುಕಗ ಕೊನೀ ತುತ್ತು ಮುಟ್ಟಿಸೀರಿ, ಅದಕ್ಕ ನಾ ಏನೂ ಅನ್ನೂದಿಲ್ಲ.” ಒಲೆಯ ಉರಿ ಸಣ್ಣ ಮಾಡಿದಳು. “ಆದ್ರ ಅವರಿಗೆ ಅದ ದಿನ ಸಂಜೀಕ ಖರೆ ಹೇಳೀರಿ. ಊರು ಗೊತ್ತಿಲ್ಲ, ಕೇರಿ ಗೊತ್ತಿಲ್ಲ, ಅವರಿಗೆ ಹೇಳಾಕ ಒಂದ ಹೊತ್ತು ಸಾಕಾತು. ನನಗ ಹತ್ತೊಂಬತ್ತ ವರ್ಷ ಬೇಕಾತು.”

ಪಟ್ಟಿ ತರಲು ತಿರುಗಿದೆ.

ಅವಳು ಸೌಟನ್ನು ನನ್ನ ಕೈಗೆ ಕೊಟ್ಟಳು. “ಇಲ್ಲೇ ನಿಂದರ್ರಿ. ನಾ ಲಟ್ಟಸ್ತೀನಿ, ನೀವು ತಗೀರಿ. ಹಿಟ್ಟು ಮುಗಿಯೂ ತನಕ ಕಾಲ ಎತ್ತಬಾರದು.”

ಸ್ಕೇಲಿಟ್ಟು ಪಟ್ಟಿಯ ಕೊನೆಯ ಸಾಲನ್ನು ಹೊಡೆದು ಹಾಕಿ ಬಂದು ನಿಂತೆ. ಬಾವಿಯ ಪಕ್ಕದಲ್ಲಿ ಮೂರು ದಿನ ನಿಂತವನಿಗೆ ನಿಲ್ಲುವುದು ಹೊಸದಲ್ಲ. ಐದಾಯಿತು. ಅಶ್ರಫ್ ಬಂದ. ಪಡಸಾಲೆಯಿಂದಲೇ ಕೂಗಿದ. “ಸರ್, ಈ ಒಂದು ಬಾಕ್ಸ್ ಓಪನ್ ಉಂಟಲ್ಲ?”

“ನೀನ ಮುಚ್ಚಪ್ಪ,” ಎಂದೆ.

“ನಾನಾ?” ಎಂದ. ಆಮೇಲೆ ಟೇಪು ಎಳೆಯುವ ಸದ್ದು ಕೇಳಿತು. ಓರೆಯಾಗಿ ಹಚ್ಚುತ್ತಿದ್ದಾನೆಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಕಾಲು ತಡಬಡಿಸಿತು. ಶಾರದಾ ತಲೆಯೆತ್ತಿ ನೋಡಿದಳು. ನಿಂತೆ.

ಅವಳು ಇನ್ನೊಂದು ಪೂರಿಯನ್ನು ಬಿಟ್ಟಳು. ಅದು ಎಣ್ಣೆಯ ತಳಕ್ಕೆ ಹೋಯಿತು. ಸೌಟು ಹಿಡಿದು, ಅದು ಮೇಲೆ ಬರುವುದನ್ನು ಕಾದೆ.